ಹಣೆಪಟ್ಟಿಯ ವೇಗ, ಒಳಗಿನ ವೇಗ

1998ರ ಆಗಸ್ಟ್ 24ರಂದು ಇಂಟೆಲ್ ಕಂಪನಿ ಕೆಲವು ಹೊಸ ಪ್ರೊಸೆಸರ್‌ಗಳನ್ನು ಒಟ್ಟಿಗೆ ಮಾರುಕಟ್ಟೆಗೆ ಬಿಟ್ಟಿತು. ಅವುಗಳಲ್ಲಿ ಎರಡನ್ನು ಮಾತ್ರ ಇಲ್ಲಿ ನೆನಪಿಟ್ಟುಕೊಂಡರೆ ಸಾಕು. ಒಂದು, 450 ಮೆಗಾಹರ್ಟ್ಸ್ ವೇಗದ ಪೆಂಟಿಯಂ 2. ಸಗಟು ಬೆಲೆ 669 ಡಾಲರ್. ಇನ್ನೊಂದು, 300 ಮೆಗಾಹರ್ಟ್ಸ್ ವೇಗದ ಸೆಲೆರಾನ್ 300ಎ. ಸಗಟು ಬೆಲೆ 149 ಡಾಲರ್. ಡಾಲರಿಗೆ 42–43 ರೂಪಾಯಿ ಇದ್ದ ಕಾಲ ಅದು. ಸುಂಕ, ಸಾಗಣೆ, ಅಂಗಡಿಯವರ ಲಾಭ ಯಾವುದೂ ಸೇರುವ ಮೊದಲೇ ಮೊದಲನೆಯದರ ಬೆಲೆ 28,000 ರೂಪಾಯಿ ದಾಟುತ್ತಿತ್ತು. ಎರಡನೆಯದು ಸುಮಾರು 6,300 ರೂಪಾಯಿಗೆ ನಿಲ್ಲುತ್ತಿತ್ತು.

ಸ್ವಲ್ಪ ದಿನಗಳಲ್ಲೇ ಕಂಪ್ಯೂಟರ್ ಹವ್ಯಾಸಿಗಳ ನಡುವೆ ಒಂದು ಸುದ್ದಿ ಹರಡಿತು. ಮದರ್‌ಬೋರ್ಡಿನಲ್ಲಿ ಒಂದೇ ಒಂದು ಸಂಖ್ಯೆಯನ್ನು 66ರಿಂದ 100ಕ್ಕೆ ಬದಲಿಸಿದರೆ ಆ ಅಗ್ಗದ ಸೆಲೆರಾನ್ 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಎಲ್ಲವೂ ಓಡಲಿಲ್ಲ, ಆದರೆ ಓಡಿದವುಗಳ ಸಂಖ್ಯೆ ದೊಡ್ಡದಿತ್ತು. ಹೆಚ್ಚಿನ ಕೆಲಸಗಳಲ್ಲಿ ಅದು ನಾಲ್ಕೂವರೆ ಪಟ್ಟು ಬೆಲೆಯ ಪೆಂಟಿಯಂ 2ರ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತಿತ್ತು.

ತಯಾರಕರು ನಿಗದಿ ಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಪ್ರೊಸೆಸರ್ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಅದಕ್ಕೆ ಒಗ್ಗುವ ಪ್ರೊಸೆಸರನ್ನು ಆರಿಸುವುದು ಹೊರಗಿನವರಿಗೆ ಜೂಜಿನಂತೆ ಕಂಡರೂ ಒಳಗೆ ಅದು ಲೆಕ್ಕಾಚಾರದ ವಿದ್ಯೆ. ಚಿಪ್ ಮೇಲೆ ಬರೆದ ಸಂಖ್ಯೆಯನ್ನು ಎಷ್ಟು ಪಾಲು ಭೌತಶಾಸ್ತ್ರ ನಿರ್ಧರಿಸಿದೆ, ಎಷ್ಟು ಪಾಲು ವ್ಯಾಪಾರ ನಿರ್ಧರಿಸಿದೆ ಎಂದು ಓದುವುದೇ ಆ ವಿದ್ಯೆ. ಹಣೆಪಟ್ಟಿಗೂ ಸಾಮರ್ಥ್ಯಕ್ಕೂ ನಡುವೆ ಉಳಿಯುವ ಅಂತರ ಕೊಳ್ಳುವವನಿಗೆ ಸೇರಬೇಕೋ ಮಾರುವವನಿಗೆ ಸೇರಬೇಕೋ ಎಂಬ ಹಗ್ಗಜಗ್ಗಾಟ ಸುಮಾರು ನಲವತ್ತು ವರ್ಷ ನಡೆದಿದೆ.

ಹರಳು ಬದಲಿಸಿದವರು

ಪ್ರೊಸೆಸರಿನ ಪ್ರತಿ ಹೆಜ್ಜೆಯೂ ಒಂದು ತಾಳಕ್ಕೆ ಬೀಳುತ್ತದೆ. ಆ ತಾಳ ಹುಟ್ಟುವುದು ಮದರ್‌ಬೋರ್ಡಿನ ಮೇಲಿರುವ ಚಿಕ್ಕ ಕ್ವಾರ್ಟ್ಜ್ ಹರಳಿನಿಂದ. 1984ರಲ್ಲಿ ಬಂದ ಐಬಿಎಂ ಪಿಸಿ ಎಟಿಯಲ್ಲಿ 12 ಮೆಗಾಹರ್ಟ್ಸ್‌ನ ಹರಳಿತ್ತು. ಅದನ್ನು ಎರಡರಿಂದ ಭಾಗಿಸಿ ಇಂಟೆಲ್ 80286 ಪ್ರೊಸೆಸರನ್ನು 6 ಮೆಗಾಹರ್ಟ್ಸ್‌ನಲ್ಲಿ ಓಡಿಸಲಾಗುತ್ತಿತ್ತು. ಹರಳನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸುವುದು ಕಷ್ಟವಿರಲಿಲ್ಲ. 16 ಮೆಗಾಹರ್ಟ್ಸ್ ಹರಳನ್ನು ಹಾಕಿದವರಿಗೆ 8 ಮೆಗಾಹರ್ಟ್ಸ್ ವೇಗ ಸಿಕ್ಕಿತು. ಕೆಲವೇ ಡಾಲರ್ ಖರ್ಚಿನಲ್ಲಿ ಯಂತ್ರ ಮೂರನೇ ಒಂದರಷ್ಟು ಚುರುಕಾಯಿತು.

ಐಬಿಎಂಗೆ ಇದು ಹಿಡಿಸಲಿಲ್ಲ. ಮುಂದಿನ ಎಟಿಗಳ ಬಯಾಸ್‌ನಲ್ಲಿ ಒಂದು ತಪಾಸಣೆ ಸೇರಿತು. ಯಂತ್ರ ಶುರುವಾಗುವಾಗಲೇ ತನ್ನ ವೇಗವನ್ನು ಅಳೆದುಕೊಂಡು, ನಿಗದಿಗಿಂತ ಹೆಚ್ಚಿದ್ದರೆ ಮುಂದಕ್ಕೆ ಹೋಗದೆ ನಿಂತುಬಿಡುತ್ತಿತ್ತು. ಕೊಂಡವನ ಮನೆಯಲ್ಲಿರುವ ಯಂತ್ರಕ್ಕೆ ಮಾರಿದವನು ಹಾಕಿದ ಮೊದಲ ದೊಡ್ಡ ಬೀಗಗಳಲ್ಲಿ ಇದೊಂದು.

1992ರಲ್ಲಿ ಬಂದ 486 ಡಿಎಕ್ಸ್2 ಇನ್ನೊಂದು ಬದಲಾವಣೆ ತಂದಿತು. ಮದರ್‌ಬೋರ್ಡ್ 33 ಮೆಗಾಹರ್ಟ್ಸ್ ತಾಳದಲ್ಲೇ ಉಳಿದರೆ ಪ್ರೊಸೆಸರ್ ಒಳಗೆ ಅದರ ದುಪ್ಪಟ್ಟು, ಅಂದರೆ 66 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅಲ್ಲಿಂದಾಚೆಗೆ ಪ್ರೊಸೆಸರಿನ ವೇಗ ಎರಡು ಸಂಖ್ಯೆಗಳ ಗುಣಲಬ್ಧವಾಯಿತು. ಮದರ್‌ಬೋರ್ಡಿನ ತಾಳಕ್ಕೆ ಬಸ್ ವೇಗ ಎಂದೂ ಪ್ರೊಸೆಸರ್ ಅದನ್ನು ಹೆಚ್ಚಿಸಿಕೊಳ್ಳುವ ಪಟ್ಟಿಗೆ ಮಲ್ಟಿಪ್ಲೈಯರ್ ಎಂದೂ ಹೆಸರು ಬಂತು. ಎರಡರಲ್ಲಿ ಯಾವುದನ್ನು ಏರಿಸಿದರೂ ಪ್ರೊಸೆಸರ್ ವೇಗ ಏರುತ್ತದೆ.

ಪೆಂಟಿಯಂ ಕಾಲದಲ್ಲಿ ಈ ಸೌಲಭ್ಯವನ್ನು ಹವ್ಯಾಸಿಗಳಿಗಿಂತ ಮೊದಲು ಮೋಸಗಾರರು ಬಳಸಿಕೊಂಡರು. ಕಡಿಮೆ ವೇಗದ ಚಿಪ್ ಮೇಲಿನ ಅಕ್ಷರಗಳನ್ನು ಉಜ್ಜಿ ಅಳಿಸಿ, ಹೆಚ್ಚಿನ ವೇಗವನ್ನು ಅಚ್ಚು ಹಾಕಿ ಮಾರುವುದು ತೊಂಬತ್ತರ ದಶಕದ ನಡುಭಾಗದಲ್ಲಿ ಹಲವು ದೇಶಗಳಲ್ಲಿ ನಡೆದ ದಂಧೆ. ಇದನ್ನು ತಡೆಯುವ ಕಾರಣ ಕೊಟ್ಟು ಇಂಟೆಲ್ ಮಲ್ಟಿಪ್ಲೈಯರನ್ನು ಚಿಪ್ ಒಳಗೇ ಸ್ಥಿರಗೊಳಿಸಿತು. ಕಾರಣ ನಿಜವಾದದ್ದೇ. ಆದರೆ ಆ ಬೀಗ ಮೋಸಗಾರನ ಜೊತೆಗೆ ತನ್ನ ಚಿಪ್ಪನ್ನು ತಾನೇ ಓಡಿಸಿ ನೋಡುವವನನ್ನೂ ಹೊರಗಿಟ್ಟಿತು. ಉಳಿದ ದಾರಿ ಒಂದೇ: ಬಸ್ ವೇಗ.

ಒಂದೇ ಬಿಲ್ಲೆ, ಹಲವು ಬೆಲೆ

ಅಗ್ಗದ ಚಿಪ್‌ನಲ್ಲಿ ಅಷ್ಟು ಶಕ್ತಿ ಉಳಿದಿರುವುದಾದರೂ ಏಕೆ ಎಂಬುದು ತಿಳಿಯಲು ಕಾರ್ಖಾನೆಯೊಳಗೆ ಇಣುಕಬೇಕು. ಪ್ರೊಸೆಸರ್‌ಗಳನ್ನು ಒಂದೊಂದಾಗಿ ಮಾಡುವುದಿಲ್ಲ. ವೇಫರ್ ಎಂಬ ದುಂಡು ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳನ್ನು ಒಟ್ಟಿಗೆ ಮೂಡಿಸಿ ಆಮೇಲೆ ಕತ್ತರಿಸುತ್ತಾರೆ. 1998ರಲ್ಲಿ ಆ ಬಿಲ್ಲೆಯ ಅಗಲ 8 ಅಂಗುಲ. ವಿನ್ಯಾಸ ಒಂದೇ ಆದರೂ ಎಲ್ಲ ಚಿಪ್‌ಗಳೂ ಒಂದೇ ರೀತಿ ಹುಟ್ಟುವುದಿಲ್ಲ. ಪದರಗಳ ದಪ್ಪದಲ್ಲಿ ಕೂದಲೆಳೆಗಿಂತ ಎಷ್ಟೋ ಸಣ್ಣ ವ್ಯತ್ಯಾಸ ಬಂದರೂ ಒಂದು ಚಿಪ್ ಚುರುಕಾಗುತ್ತದೆ, ಪಕ್ಕದ್ದು ಮಂದವಾಗುತ್ತದೆ. ಪ್ರತಿಯೊಂದನ್ನೂ ಪರೀಕ್ಷಿಸಿ ವೇಗದ ದರ್ಜೆಗಳಾಗಿ ವಿಂಗಡಿಸುತ್ತಾರೆ. ಇದಕ್ಕೆ ಬಿನ್ನಿಂಗ್ ಎನ್ನುತ್ತಾರೆ.

ಇಲ್ಲಿಯವರೆಗೆ ಇದು ಶಿವಮೊಗ್ಗದ ಅಡಿಕೆ ಮಂಡಿಯ ಹಾಗೆಯೇ ಇದೆ. ಅಲ್ಲಿಯೂ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಣೆಯಾಗುತ್ತದೆ; ದರ್ಜೆಗೆ ತಕ್ಕ ದರ ಸಿಗುತ್ತದೆ. ವ್ಯತ್ಯಾಸ ಶುರುವಾಗುವುದು ಮುಂದೆ. ಸರಕನ್ನು ಗೊರಬಲಿನ ಚೀಲಕ್ಕೆ ತುಂಬಿ ಕಡಿಮೆ ದರಕ್ಕೆ ಕೊಡುವ ಅಡಿಕೆ ವ್ಯಾಪಾರಿ ಸಿಗುವುದಿಲ್ಲ. ಚಿಪ್ ತಯಾರಕರು ಅದನ್ನೇ ದಿನವೂ ಮಾಡುತ್ತಿದ್ದರು.

ಕಾರಣ ಹೀಗಿದೆ. ಹೊಸ ತಯಾರಿಕಾ ವಿಧಾನ ಶುರುವಾದಾಗ ಒಳ್ಳೆಯ ಚಿಪ್‌ಗಳು ವಿರಳ. ತಿಂಗಳುಗಳು ಕಳೆದು ಕೆಲಸ ಪಳಗಿದಂತೆ ಬಿಲ್ಲೆಯ ಬಹುಪಾಲು ಚಿಪ್‌ಗಳು ಮೇಲಿನ ದರ್ಜೆಗೆ ಏರುತ್ತವೆ. ಆದರೆ ಮಾರುಕಟ್ಟೆಯ ಬೇಡಿಕೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ. 669 ಡಾಲರ್ ಕೊಡುವವರು ಸಾವಿರವಾದರೆ 149 ಕೊಡುವವರು ಲಕ್ಷ. ಎಲ್ಲವನ್ನೂ ಮೇಲಿನ ದರ್ಜೆಯಲ್ಲೇ ಮಾರಲು ಹೊರಟರೆ ಆ ದರ್ಜೆಯ ಬೆಲೆ ಕುಸಿಯುತ್ತದೆ. ಆದ್ದರಿಂದ ಚುರುಕಾದ ಚಿಪ್‌ಗೂ ಮಂದ ಚಿಪ್‌ನ ಹಣೆಪಟ್ಟಿ ಅಂಟಿಸಿ ಕೆಳಗಿನ ಬೆಲೆಗೆ ಬಿಡುವುದೇ ಲಾಭ. ಹಾಗೆ ಬಿಟ್ಟ ಮೇಲೂ ಚಿಪ್‌ನ ಒಳಗಿನ ಸಾಮರ್ಥ್ಯ ಅಲ್ಲೇ ಉಳಿದಿರುತ್ತದೆ.

ಓವರ್‌ಕ್ಲಾಕಿಂಗ್‌ಗೆ ಪ್ರೊಸೆಸರ್ ಆರಿಸುವವರ ಮೊದಲ ಸೂತ್ರ ಇಲ್ಲಿಂದ ಹುಟ್ಟಿತು. ಪಳಗಿದ ತಯಾರಿಕೆಯಿಂದ ಬಂದ ಕುಟುಂಬವನ್ನು ನೋಡು, ಅದರ ಮೇಲ್ತುದಿಯ ಸದಸ್ಯ ಅಧಿಕೃತವಾಗಿ ಎಷ್ಟು ವೇಗದಲ್ಲಿ ಓಡುತ್ತದೆಂದು ತಿಳಿ, ಆಮೇಲೆ ಅದೇ ಕುಟುಂಬದ ಅತ್ಯಂತ ಅಗ್ಗದ ಸದಸ್ಯನನ್ನು ಕೊಳ್ಳು.

ನಾಲ್ಕೂವರೆಯ ಮಗ್ಗಿ

ಸೆಲೆರಾನ್ 300ಎ ಈ ಸೂತ್ರಕ್ಕೆ ಅಚ್ಚು ಹಾಕಿದಂತಿತ್ತು. ಅದೂ 450ರ ಪೆಂಟಿಯಂ 2ರಂತೆ 0.25 ಮೈಕ್ರಾನ್ ವಿಧಾನದಲ್ಲೇ ತಯಾರಾಗುತ್ತಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದಿದ್ದ ಮೊದಲ ಸೆಲೆರಾನ್‌ನಲ್ಲಿ ಎರಡನೇ ಹಂತದ ಕ್ಯಾಶ್ ಮೆಮೊರಿಯೇ ಇರಲಿಲ್ಲ. ಅದು ಟೀಕೆಗೆ ಗುರಿಯಾಗಿತ್ತು. ಅದನ್ನು ಸರಿಪಡಿಸಲು 300ಎಯಲ್ಲಿ 128 ಕಿಲೋಬೈಟ್ ಕ್ಯಾಶನ್ನು ಪ್ರೊಸೆಸರಿನ ಸಿಲಿಕಾನ್ ಮೇಲೆಯೇ ಇಟ್ಟರು. ಪೆಂಟಿಯಂ 2ರ ಕ್ಯಾಶ್ 512 ಕಿಲೋಬೈಟ್ ಇದ್ದರೂ ಅದು ಪ್ರತ್ಯೇಕ ಚಿಪ್‌ಗಳಲ್ಲಿತ್ತು, ಪ್ರೊಸೆಸರಿನ ಅರ್ಧ ವೇಗದಲ್ಲಿ ಮಾತ್ರ ಓಡುತ್ತಿತ್ತು. ಸೆಲೆರಾನಿನ ಕ್ಯಾಶ್ ಚಿಕ್ಕದಾದರೂ ಪೂರ್ತಿ ವೇಗದ್ದು. ಪ್ರೊಸೆಸರ್ ಏರಿದಷ್ಟೂ ಅದೂ ಜೊತೆಗೆ ಏರಿತು. ಹೊರಗಿನ ಕ್ಯಾಶ್ ಚಿಪ್‌ಗಳು ಅಡ್ಡಗಾಲು ಹಾಕುವ ಪ್ರಮೇಯವೇ ಬರಲಿಲ್ಲ.

ಉಳಿದದ್ದು ಮಗ್ಗಿ. 300ಎಯ ಮಲ್ಟಿಪ್ಲೈಯರ್ ನಾಲ್ಕೂವರೆ. ಅಧಿಕೃತ ಬಸ್ ವೇಗ 66, ಗುಣಿಸಿದರೆ 300. ಇಂಟೆಲ್‌ನದೇ ಬಿಎಕ್ಸ್ ಚಿಪ್‌ಸೆಟ್ ಇದ್ದ ಮದರ್‌ಬೋರ್ಡ್‌ಗಳು ಪೆಂಟಿಯಂ 2ಕ್ಕಾಗಿ 100 ಮೆಗಾಹರ್ಟ್ಸ್ ಬಸ್ ಕೊಡುತ್ತಿದ್ದವು. ನಾಲ್ಕೂವರೆ ನೂರಲೆ 450. ಅದು ಆ ವಿಧಾನದಲ್ಲಿ ತಯಾರಾದ ಚಿಪ್‌ಗಳು ಅಧಿಕೃತವಾಗಿ ಮುಟ್ಟಿದ್ದ ಗಡಿಯೇ.

ಹೆಚ್ಚು ಬೆಲೆಯ ಅಣ್ಣಂದಿರನ್ನು ಕೊಂಡಿದ್ದರೆ ಏನಾಗುತ್ತಿತ್ತು? 333ರ ಸೆಲೆರಾನಿನ ಮಲ್ಟಿಪ್ಲೈಯರ್ 5. ನೂರರ ಬಸ್‌ನಲ್ಲಿ ಅದು 500 ಮುಟ್ಟಬೇಕು, ಹಲವು ಚಿಪ್‌ಗಳು ಅಲ್ಲಿ ಕೈಕೊಟ್ಟವು. 1999ರಲ್ಲಿ ಬಂದ 366ರ ಮಲ್ಟಿಪ್ಲೈಯರ್ ಐದೂವರೆ; 550 ಸಿಕ್ಕರೆ ಅದೃಷ್ಟ. 400ರದು 6, 600 ಹೆಚ್ಚು ಕಡಿಮೆ ಅಸಾಧ್ಯ. ದುಬಾರಿ ಚಿಪ್ ಕೊಂಡವನಿಗೆ ಮಲ್ಟಿಪ್ಲೈಯರೇ ಹೊರೆಯಾಯಿತು.

100ರ ಬದಲು ನಡುವಿನ ಯಾವುದೋ ಸಂಖ್ಯೆಗೆ ನಿಲ್ಲಿಸಬಹುದಿತ್ತಲ್ಲ ಎಂದು ಕೇಳಬಹುದು. ಇದರ ಉತ್ತರದಲ್ಲಿ ಆ ಕಾಲದ ಎರಡನೇ ಸೂತ್ರವಿದೆ. ಗ್ರಾಫಿಕ್ಸ್ ಕಾರ್ಡು, ಹಾರ್ಡ್ ಡಿಸ್ಕಿನ ನಿಯಂತ್ರಕ, ಸೌಂಡ್ ಕಾರ್ಡುಗಳೆಲ್ಲ ತಮ್ಮ ತಾಳವನ್ನು ಬಸ್ ವೇಗದಿಂದಲೇ ಭಾಗಿಸಿ ಪಡೆಯುತ್ತಿದ್ದವು. ಪಿಸಿಐ ಸ್ಲಾಟಿಗೆ ಬೇಕಾದದ್ದು 33 ಮೆಗಾಹರ್ಟ್ಸ್. 66ನ್ನು ಎರಡರಿಂದ ಭಾಗಿಸಿದರೆ 33, 100ನ್ನು ಮೂರರಿಂದ ಭಾಗಿಸಿದರೂ 33. ಆದರೆ 83ರ ಬಸ್‌ಗೆ ಸಿಗುತ್ತಿದ್ದದ್ದು ಎರಡರ ಭಾಗ ಮಾತ್ರ. ಫಲ ಸುಮಾರು 41. ಪ್ರೊಸೆಸರ್ ಅಲ್ಲಾಡದೆ ಓಡುತ್ತಿದ್ದರೂ ಹಾರ್ಡ್ ಡಿಸ್ಕಿಗೆ ಬರೆದ ಮಾಹಿತಿ ಸದ್ದಿಲ್ಲದೆ ಕೆಡುವ ಅಪಾಯವಿತ್ತು. ವೇಗ ಕಡಿಮೆಯಿರುವ 83ಕ್ಕಿಂತ ಹೆಚ್ಚಿರುವ 100 ಸುರಕ್ಷಿತವಾದದ್ದು ಹೀಗೆ. ಮುಂದಿನ ಅಧಿಕೃತ ಮೆಟ್ಟಿಲಿಗೆ ನೇರವಾಗಿ ಕಾಲಿಡಬಲ್ಲ ಪ್ರೊಸೆಸರನ್ನೇ ಆರಿಸಬೇಕು ಎಂಬುದು ಆ ಎರಡನೇ ಸೂತ್ರ.

ತಯಾರಕರ ಒಂದು ಬಾಗಿಲು ಮುಚ್ಚಿದಾಗ ಮದರ್‌ಬೋರ್ಡ್ ಮಾಡುವವರು ಇನ್ನೊಂದನ್ನು ತೆರೆದರು. ಕೆಲವು ಬೋರ್ಡ್‌ಗಳಲ್ಲಿ 100ರ ಬಸ್ ಪಡೆಯಲು ಪ್ರೊಸೆಸರ್ ಕಾರ್ಡಿನ ಬಿ21 ಎಂಬ ಒಂದೇ ಒಂದು ಸಂಪರ್ಕದ ಮೇಲೆ ಟೇಪ್ ತುಣುಕು ಅಂಟಿಸಬೇಕಿತ್ತು, ಇಲ್ಲವೇ ನೇಲ್ ಪಾಲಿಶ್ ಬಳಿಯಬೇಕಿತ್ತು. ತೈವಾನಿನ ಎಬಿಟ್ ಕಂಪನಿಯ ಬಿಎಚ್6 ಬೋರ್ಡಿಗೆ ಅದೂ ಬೇಕಿರಲಿಲ್ಲ. ಬಯಾಸ್‌ನ ಮೆನುವಿನಲ್ಲೇ ಬಸ್ ವೇಗವನ್ನೂ ವೋಲ್ಟೇಜನ್ನೂ ಬದಲಿಸಬಹುದಿತ್ತು. 1999ರಲ್ಲಿ ಅದೇ ಕಂಪನಿ ತಂದ ಬಿಪಿ6 ಬೋರ್ಡಿನಲ್ಲಿ ಎರಡು ಸೆಲೆರಾನ್‌ಗಳನ್ನು ಜೋಡಿಯಾಗಿ ಓಡಿಸಬಹುದಿತ್ತು. ಸೆಲೆರಾನನ್ನು ಹಾಗೆ ಬಳಸುವುದು ಇಂಟೆಲ್‌ನ ಯೋಜನೆಯಲ್ಲೇ ಇರಲಿಲ್ಲ.

ಪೆನ್ಸಿಲ್ ಗೆರೆ

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ 2000ದ ಜೂನ್‌ನಲ್ಲಿ ಡ್ಯುರಾನ್ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಅದಕ್ಕಿದ್ದ ಮದರ್‌ಬೋರ್ಡ್‌ಗಳ ಬಸ್ 100ರಿಂದ ಹೆಚ್ಚು ಮೇಲೇರಲು ಒಪ್ಪುತ್ತಿರಲಿಲ್ಲ. ಅದರಿಂದ ಸೆಲೆರಾನಿನ ಉಪಾಯ ಇಲ್ಲಿ ನಡೆಯಲಿಲ್ಲ, ಮಲ್ಟಿಪ್ಲೈಯರನ್ನೇ ಬಿಡಿಸಬೇಕಿತ್ತು.

ಅದಕ್ಕೆ ಬೇಕಾದ ಸಾಧನ ಶಾಲೆಯ ಮಕ್ಕಳ ಜಾಮಿಟ್ರಿ ಬಾಕ್ಸಿನಲ್ಲಿತ್ತು. ಪ್ರೊಸೆಸರಿನ ಮೇಲ್ಮೈಯಲ್ಲಿ ಎಲ್1 ಎಂದು ಗುರುತು ಮಾಡಿದ ಕೆಲವು ಪುಟ್ಟ ಚುಕ್ಕೆಗಳ ಸಾಲುಗಳಿದ್ದವು. ಕಾರ್ಖಾನೆಯಲ್ಲಿ ಅವುಗಳ ನಡುವಿನ ಸಂಪರ್ಕವನ್ನು ಕತ್ತರಿಸಿ ಮಲ್ಟಿಪ್ಲೈಯರಿಗೆ ಬೀಗ ಹಾಕುತ್ತಿದ್ದರು. ಪೆನ್ಸಿಲ್ ಸೀಸದಲ್ಲಿರುವ ಗ್ರಾಫೈಟ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಚುಕ್ಕೆಯಿಂದ ಚುಕ್ಕೆಗೆ ಪೆನ್ಸಿಲಿನಿಂದ ಗೆರೆ ಎಳೆದರೆ ಬೀಗ ತೆರೆಯುತ್ತಿತ್ತು. 650 ಮೆಗಾಹರ್ಟ್ಸ್‌ನ ಡ್ಯುರಾನ್ 900ರ ಆಸುಪಾಸಿಗೆ ಹೋಗುವುದು ಸಾಮಾನ್ಯ ಸಂಗತಿಯಾಯಿತು. 2001ರಲ್ಲಿ ಬಂದ ಅಥ್ಲಾನ್ ಎಕ್ಸ್‌ಪಿಯಲ್ಲಿ ಎಎಂಡಿ ಆ ಚುಕ್ಕೆಗಳ ನಡುವೆ ಲೇಸರಿನಿಂದ ಗುಳಿ ತೋಡಿತು. ಹವ್ಯಾಸಿಗಳು ಗುಳಿಗೆ ಅಂಟು ತುಂಬಿ, ಒಣಗಿಸಿ, ಅದರ ಮೇಲೆ ವಿದ್ಯುತ್ ಹರಿಯುವ ಬಣ್ಣ ಬಳಿದರು.

ಈ ಘಟ್ಟದಲ್ಲಿ ಆರಿಸುವ ವಿದ್ಯೆ ಇನ್ನಷ್ಟು ಸೂಕ್ಷ್ಮವಾಯಿತು. ಮಾದರಿಯ ಹೆಸರಷ್ಟೇ ಸಾಲದಾಯಿತು, ಚಿಪ್ ಮೇಲಿನ ಸಣ್ಣ ಅಕ್ಷರಗಳನ್ನೂ ಓದಬೇಕಾಯಿತು. ಅಲ್ಲಿ ತಯಾರಾದ ವರ್ಷ, ವಾರ, ಪರಿಷ್ಕರಣೆಯ ಗುರುತು ಇರುತ್ತಿತ್ತು. ತಯಾರಕರು ವಿನ್ಯಾಸದ ಸಣ್ಣ ತಿದ್ದುಪಡಿಗೆ ಸ್ಟೆಪ್ಪಿಂಗ್ ಎನ್ನುತ್ತಾರೆ; ಹೊಸ ಸ್ಟೆಪ್ಪಿಂಗ್ ಹೆಚ್ಚಾಗಿ ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ವೇಗ ಕೊಡುತ್ತದೆ. ಅಥ್ಲಾನ್ ಎಕ್ಸ್‌ಪಿ 1700+ ಕೊಳ್ಳುವವರು 'ಜೆಐಯುಎಚ್‌ಬಿ' ಎಂಬ ಅಕ್ಷರಗಳನ್ನು ಹುಡುಕಿದರು. ಅಧಿಕೃತವಾಗಿ 1467 ಮೆಗಾಹರ್ಟ್ಸ್‌ನ ಆ ಚಿಪ್‌ಗಳಲ್ಲಿ ಹಲವು 2200 ದಾಟಿದವು.

2003ರ ಫೆಬ್ರವರಿಯಲ್ಲಿ ಬಂದ ಅಥ್ಲಾನ್ ಎಕ್ಸ್‌ಪಿ 2500+ ಸೆಲೆರಾನಿನ ಕಥೆಯನ್ನು ಮತ್ತೊಮ್ಮೆ ಹೇಳಿತು. ಮಲ್ಟಿಪ್ಲೈಯರ್ 11, ಬಸ್ 166, ವೇಗ 1833. ಮೂರು ತಿಂಗಳ ನಂತರ ಅದೇ ಕುಟುಂಬದ ಹಿರಿಯ 3200+ ಬಂತು. ಅದರ ಮಲ್ಟಿಪ್ಲೈಯರೂ 11, ಕ್ಯಾಶ್ ಅಷ್ಟೇ. ಬಸ್ ಮಾತ್ರ 200. ಅಗ್ಗದ ಚಿಪ್‌ನ ಬಸ್ಸನ್ನು 166ರಿಂದ 200ಕ್ಕೆ ಏರಿಸಿದಾಗ ಕಂಪ್ಯೂಟರ್ ತನ್ನನ್ನು ತಾನೇ 3200+ ಎಂದು ಗುರುತಿಸಿಕೊಳ್ಳುತ್ತಿತ್ತು. ಎನ್‌ಫೋರ್ಸ್2 ಚಿಪ್‌ಸೆಟ್ ಇದ್ದ ಬೋರ್ಡ್‌ಗಳಲ್ಲಿ ಪಿಸಿಐ ತಾಳವನ್ನು ಬೇರೆಯಾಗಿ ಹಿಡಿದಿಡಲು ಸಾಧ್ಯವಿದ್ದದ್ದರಿಂದ ಹಾರ್ಡ್ ಡಿಸ್ಕ್ ಕೆಡುವ ಹಳೆಯ ಭಯವೂ ಇರಲಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ಎಎಂಡಿ ಈ ಚಿಪ್‌ಗಳ ಮಲ್ಟಿಪ್ಲೈಯರಿಗೂ ಪೆನ್ಸಿಲಿಗೆ ಜಗ್ಗದ ಬೀಗ ಹಾಕಿತು.

ಮೇ ತಿಂಗಳ ಕೋಣೆ

ಭಾರತದಲ್ಲಿ ಆ ವರ್ಷಗಳ ಮನೆ ಕಂಪ್ಯೂಟರ್ ಎಂದರೆ ಹೆಚ್ಚಾಗಿ ಅಂಗಡಿಯವರು ಬಿಡಿಭಾಗಗಳಿಂದ ಜೋಡಿಸಿಕೊಟ್ಟದ್ದು. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್‌.ಪಿ. ರೋಡ್, ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್‌ಗಳಲ್ಲಿ ಬೋರ್ಡ್ ಒಂದು ಕಡೆ, ಪ್ರೊಸೆಸರ್ ಇನ್ನೊಂದು ಕಡೆ ಕೊಂಡು ಜೋಡಿಸುವ ರೂಢಿಯಿತ್ತು. ಓವರ್‌ಕ್ಲಾಕಿಂಗ್‌ಗೆ ಇದಕ್ಕಿಂತ ಒಳ್ಳೆಯ ನೆಲ ಬೇಕಿರಲಿಲ್ಲ. ಆರು ಸಾವಿರದ ಚಿಪ್‌ನಿಂದ ಇಪ್ಪತ್ತೆಂಟು ಸಾವಿರದ ಕೆಲಸ ಎಂಬ ಮಾತಿಗೆ ಇಲ್ಲಿ ಅಮೆರಿಕದಲ್ಲಿ ಇರುವುದಕ್ಕಿಂತ ಹೆಚ್ಚು ತೂಕ. ಅಲ್ಲಿ ಉಳಿಯುತ್ತಿದ್ದದ್ದು ಕೆಲವು ದಿನಗಳ ಸಂಬಳ. ಇಲ್ಲಿ ಹಲವು ಮನೆಗಳಲ್ಲಿ ಕೆಲವು ತಿಂಗಳುಗಳದ್ದು.

ಆದರೆ ಅಮೆರಿಕದಿಂದ ಬಂದ ಅಂಕಿಗಳನ್ನು ಇಲ್ಲಿ ಹಾಗೆಯೇ ನಂಬುವಂತಿರಲಿಲ್ಲ. ಪ್ರೊಸೆಸರ್ ನುಂಗುವ ವಿದ್ಯುತ್ ವೇಗಕ್ಕೆ ನೇರ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ವೇಗ ಒಂದೂವರೆ ಪಟ್ಟಾಗಿ, ವೋಲ್ಟೇಜ್ 2.0ರಿಂದ 2.2ಕ್ಕೆ ಏರಿದರೆ ಬಿಸಿ ಸುಮಾರು 1.8 ಪಟ್ಟು. ಆ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕ್ ಸುತ್ತಲಿನ ಗಾಳಿಗಿಂತ ಎಷ್ಟು ಡಿಗ್ರಿ ಮೇಲೆ ಎಂದಷ್ಟೇ ಭರವಸೆ ಕೊಡಬಲ್ಲದು. ಒಂದು ಹೀಟ್‌ಸಿಂಕ್ ಪ್ರತಿ ವ್ಯಾಟಿಗೆ ಅರ್ಧ ಡಿಗ್ರಿ ಏರುತ್ತದೆ, ಚಿಪ್ 60 ವ್ಯಾಟ್ ಉರಿಸುತ್ತದೆ ಎಂದುಕೊಂಡರೆ ಗಾಳಿಗಿಂತ 30 ಡಿಗ್ರಿ ಹೆಚ್ಚು. 24 ಡಿಗ್ರಿಯ ಕೋಣೆಯಲ್ಲಿ ಚಿಪ್ 54ರಲ್ಲಿರುತ್ತದೆ. ಮೇ ತಿಂಗಳ ನಾಗಪುರದ, ಕಲಬುರಗಿಯ, ದೆಹಲಿಯ 42 ಡಿಗ್ರಿಯ ಕೋಣೆಯಲ್ಲಿ 72. ಬಿಸಿಯಾದಷ್ಟೂ ಟ್ರಾನ್ಸಿಸ್ಟರ್‌ಗಳು ಮಂದವಾಗುತ್ತವೆ. ಡಿಸೆಂಬರಿನಲ್ಲಿ ಗಟ್ಟಿಯಾಗಿ ನಿಂತ ವೇಗ ಏಪ್ರಿಲ್‌ನಲ್ಲಿ ಕುಸಿಯುವುದು ಇದರಿಂದಲೇ.

ಕುಸಿತ ಎಲ್ಲ ಸಲವೂ ಕಣ್ಣಿಗೆ ಕಾಣುತ್ತಿರಲಿಲ್ಲ ಎಂಬುದೇ ದೊಡ್ಡ ಅಪಾಯ. ವಿಂಡೋಸ್ ತೆರೆದುಕೊಂಡ ಮಾತ್ರಕ್ಕೆ ಪ್ರೊಸೆಸರ್ ಸರಿಯಾಗಿ ಲೆಕ್ಕ ಹಾಕುತ್ತಿದೆ ಎಂದಲ್ಲ. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದ ಪ್ರೈಮ್95 ಎಂಬ ತಂತ್ರಾಂಶ ಓವರ್‌ಕ್ಲಾಕ್ ಮಾಡುವವರ ಒರೆಗಲ್ಲಾದದ್ದು ಅದಕ್ಕೇ. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಅದು ಗಂಟೆಗಟ್ಟಲೆ ಮಾಡಿಸುತ್ತದೆ. ಒಂದು ಅಂಕಿ ತಪ್ಪಿದರೂ ನಿಲ್ಲುತ್ತದೆ. ಆಟಕ್ಕೆ ಸಾಕಾಗುವ ಸ್ಥಿರತೆ ಅಂಗಡಿಯ ಲೆಕ್ಕಪತ್ರಕ್ಕೆ, ಪುಸ್ತಕದ ಡಿಟಿಪಿಗೆ ಸಾಲುವುದಿಲ್ಲ.

ಇನ್ನೊಂದು ಅಪಾಯ ನಿಧಾನದ್ದು. 2002ರ ಸುಮಾರಿಗೆ ನಾರ್ತ್‌ವುಡ್ ಎಂಬ ಒಳಹೆಸರಿನ ಪೆಂಟಿಯಂ 4ಗಳು ಚೆನ್ನಾಗಿ ಏರುತ್ತಿದ್ದವು. ಸುಮಾರು 1.5 ವೋಲ್ಟಿನ ಚಿಪ್‌ಗೆ 1.7ಕ್ಕಿಂತ ಹೆಚ್ಚು ಕೊಟ್ಟವರ ಪ್ರೊಸೆಸರ್‌ಗಳು ಕೆಲವು ವಾರ, ತಿಂಗಳುಗಳ ನಂತರ ಇದ್ದಕ್ಕಿದ್ದಂತೆ ಸತ್ತವು. ಹೆಚ್ಚು ಬಿಸಿ, ಹೆಚ್ಚು ವಿದ್ಯುತ್ ಹರಿದಾಗ ಚಿಪ್ ಒಳಗಿನ ಲೋಹದ ಎಳೆಗಳ ಪರಮಾಣುಗಳೇ ಸ್ವಲ್ಪಸ್ವಲ್ಪವಾಗಿ ಸ್ಥಳ ಬಿಟ್ಟು ಸರಿಯುತ್ತವೆ, ಕೊನೆಗೆ ಎಳೆ ಕಡಿಯುತ್ತದೆ. ಹೀಗೆ ಸತ್ತ ಚಿಪ್‌ಗೆ ವಾರಂಟಿ ಇರಲಿಲ್ಲ. ಎರಡನೆಯದನ್ನು ಕೊಳ್ಳುವ ಶಕ್ತಿ ಇಲ್ಲದವರಿಗೆ ಅನುಭವಿಗಳು ಕೊಡುತ್ತಿದ್ದ ಸಲಹೆ ಒಂದೇ ಬಗೆಯದು: ವೋಲ್ಟೇಜ್ ಮುಟ್ಟದೆ ಎಷ್ಟು ಸಿಗುತ್ತದೋ ಅಷ್ಟಕ್ಕೆ ತೃಪ್ತಿಪಡಿ.

ಬೀಗದ ಕೈಗೆ ಬೆಲೆ

ಬಸ್ ಏರಿಸುವ ಕಲೆಯ ಕೊನೆಯ ದೊಡ್ಡ ಫಸಲು ಬಂದದ್ದು 2006–07ರಲ್ಲಿ. ಬಿಸಿಯಿಂದಾಗಿ ಪೆಂಟಿಯಂ 4ರ ವೇಗದ ಓಟ 3.8 ಗಿಗಾಹರ್ಟ್ಸ್‌ಗೆ ನಿಂತುಹೋಗಿತ್ತು. ಇಂಟೆಲ್ ದಿಕ್ಕು ಬದಲಿಸಿ 2006ರ ಜುಲೈನಲ್ಲಿ ಕೋರ್ 2 ಕುಟುಂಬವನ್ನು ತಂದಿತು. ಮರುವರ್ಷದ ಜುಲೈನಲ್ಲಿ ಅದರ ನಾಲ್ಕು ಕೋರ್‌ಗಳ ಕ್ಯೂ6600 ಬೆಲೆ 266 ಡಾಲರಿಗೆ ಇಳಿಯಿತು. ಮಲ್ಟಿಪ್ಲೈಯರ್ 9, ಬಸ್ 266, ವೇಗ 2.4 ಗಿಗಾಹರ್ಟ್ಸ್. ಅದೇ ತಿಂಗಳು 999 ಡಾಲರಿನ ಕ್ಯೂಎಕ್ಸ್6850 ಬಂತು. ಬಸ್ 333, ವೇಗ 3 ಗಿಗಾಹರ್ಟ್ಸ್. ಕ್ಯೂ6600ರ ಬಸ್ಸನ್ನು 333ಕ್ಕೆ ಏರಿಸಿದರೆ ಒಂಬತ್ತರ ಮಗ್ಗಿ ನೇರವಾಗಿ 3 ಗಿಗಾಹರ್ಟ್ಸ್‌ಗೆ ತಂದು ನಿಲ್ಲಿಸುತ್ತಿತ್ತು. ಜಿ0 ಸ್ಟೆಪ್ಪಿಂಗ್‌ನ ಚಿಪ್ ಸಿಕ್ಕವರು 3.6ರವರೆಗೂ ಹೋದರು. ಒಂಬತ್ತು ವರ್ಷಗಳಲ್ಲಿ ಮೂರನೇ ಸಲ ಅದೇ ಸೂತ್ರ ಅದೇ ಉತ್ತರ ಕೊಟ್ಟಿತು.

ಅಷ್ಟರಲ್ಲಿ ತಯಾರಕರಿಗೂ ಒಂದು ವಿಷಯ ಮನದಟ್ಟಾಗಿತ್ತು. ಹಣೆಪಟ್ಟಿಗೂ ಸಾಮರ್ಥ್ಯಕ್ಕೂ ನಡುವಿನ ಅಂತರಕ್ಕೆ ಜನ ಹಣ ಕೊಡಲು ಸಿದ್ಧರಿದ್ದರೆ ಅದನ್ನೇ ಏಕೆ ಮಾರಬಾರದು? 2010ರಲ್ಲಿ ಇಂಟೆಲ್ ಪೆಂಟಿಯಂ ಜಿ6951 ಎಂಬ ಪ್ರೊಸೆಸರಿಗೆ 50 ಡಾಲರಿನ ಒಂದು ಕಾರ್ಡ್ ಮಾರಲು ನೋಡಿತು. ಅದರಲ್ಲಿನ ಸಂಕೇತವನ್ನು ಕಂಪ್ಯೂಟರಿಗೆ ಊಡಿಸಿದರೆ ಚಿಪ್‌ನಲ್ಲಿ ಆಗಲೇ ಇದ್ದು ಮುಚ್ಚಿಟ್ಟಿದ್ದ ಕ್ಯಾಶ್ ಮತ್ತು ಹೈಪರ್‌ಥ್ರೆಡಿಂಗ್ ಸೌಲಭ್ಯ ತೆರೆದುಕೊಳ್ಳುತ್ತಿತ್ತು. ಕೊಂಡ ವಸ್ತುವಿನ ಒಳಗೇ ಇರುವುದಕ್ಕೆ ಎರಡನೇ ಸಲ ದುಡ್ಡು ಕೇಳುತ್ತಾರೆ ಎಂಬ ಟೀಕೆ ಎದ್ದಿತು. ಮರುವರ್ಷ ಆ ಯೋಜನೆ ನಿಂತಿತು.

ಅದಕ್ಕಿಂತ ನಯವಾದ ದಾರಿ 2011ರ ಜನವರಿಯಲ್ಲಿ ಸ್ಯಾಂಡಿ ಬ್ರಿಜ್ ಕುಟುಂಬದ ಜೊತೆ ಬಂತು. ಅದರಲ್ಲಿ ಪ್ರೊಸೆಸರ್, ಪಿಸಿಐ ಎಕ್ಸ್‌ಪ್ರೆಸ್, ಹಾರ್ಡ್ ಡಿಸ್ಕ್, ಯುಎಸ್‌ಬಿ ಎಲ್ಲಕ್ಕೂ ಒಂದೇ 100 ಮೆಗಾಹರ್ಟ್ಸ್ ತಾಳ. ಅದನ್ನು ಕೆಲವೇ ಶೇಕಡದಷ್ಟು ಅಲುಗಿಸಿದರೂ ಉಳಿದವು ತತ್ತರಿಸುತ್ತಿದ್ದವು. ಹದಿಮೂರು ವರ್ಷ ತೆರೆದಿದ್ದ ಬಸ್‌ನ ದಾರಿ ಹೀಗೆ ಮುಚ್ಚಿತು. ಬದಲಿಗೆ ಮಲ್ಟಿಪ್ಲೈಯರ್ ಬಿಡಿಸಿದ ಮಾದರಿಗಳು ಬಂದವು, ಹೆಸರಿನ ಕೊನೆಗೆ 'ಕೆ' ಅಕ್ಷರದೊಂದಿಗೆ. ಐ5–2500ಕ್ಕೆ 205 ಡಾಲರ್, ಐ5–2500ಕೆಗೆ 216. ಆ ಒಂದು ಅಕ್ಷರಕ್ಕೆ 11 ಡಾಲರ್. ಜೊತೆಗೆ ಅದಕ್ಕೆ ಒಪ್ಪುವ ದುಬಾರಿ ಚಿಪ್‌ಸೆಟ್ಟಿನ ಮದರ್‌ಬೋರ್ಡ್. ಕೊಂಡವರಿಗೆ ನಷ್ಟವಾಗಲಿಲ್ಲ. 3.3 ಗಿಗಾಹರ್ಟ್ಸ್‌ನ ಚಿಪ್ ಸಾಧಾರಣ ಫ್ಯಾನಿನಲ್ಲೇ 4.5 ಮುಟ್ಟುತ್ತಿತ್ತು. 2012ರಲ್ಲಿ ಓವರ್‌ಕ್ಲಾಕ್ ಮಾಡಿ ಸುಟ್ಟ ಚಿಪ್ ಬದಲಿಸಿಕೊಡುವ ವಿಮೆಯಂಥ ಯೋಜನೆಯನ್ನೂ ಇಂಟೆಲ್ ಮಾರಿತು.

ಆದರೆ ಆಯ್ಕೆಯ ಲೆಕ್ಕ ತಲೆಕೆಳಗಾಯಿತು. ಕುಟುಂಬದ ಕಿರಿಯನನ್ನು ಕೊಂಡು ಹಿರಿಯನ ಕೆಲಸ ಮಾಡಿಸುವುದು ಹಳೆಯ ವಿದ್ಯೆ. ಈಗ ಓವರ್‌ಕ್ಲಾಕ್ ಮಾಡಬೇಕೆಂದರೆ ಹಿರಿಯನನ್ನೇ ಕೊಳ್ಳಬೇಕು. ಬಡವನ ಉಪಾಯವಾಗಿದ್ದದ್ದು ಉಳ್ಳವರ ಸೌಲಭ್ಯವಾಯಿತು.

ಉಳಿದದ್ದೆಷ್ಟು

2017ರ ಮಾರ್ಚಿನಲ್ಲಿ ಎಎಂಡಿಯ ರೈಜನ್ ಬಂದಾಗ ಹಳೆಯ ಕಾಲ ಮರಳಿದಂತೆ ಕಂಡಿತು. ಅದರ ಎಲ್ಲ ಮಾದರಿಗಳ ಮಲ್ಟಿಪ್ಲೈಯರೂ ತೆರೆದಿತ್ತು. 329 ಡಾಲರಿನ ರೈಜನ್ 7 1700 ಎಂಟು ಕೋರ್‌ಗಳನ್ನೂ 3.8–3.9 ಗಿಗಾಹರ್ಟ್ಸ್‌ಗೆ ಏರಿಸಿಕೊಂಡು 499 ಡಾಲರಿನ 1800ಎಕ್ಸ್ ಪಕ್ಕ ನಿಲ್ಲುತ್ತಿತ್ತು. ಆದರೆ ಆ ಬಾಗಿಲು ಯಾರೂ ಬೀಗ ಹಾಕದೆಯೇ ಕಿರಿದಾಯಿತು. ಪ್ರೊಸೆಸರ್‌ಗಳು ತಮ್ಮ ಬಿಸಿ, ವೋಲ್ಟೇಜ್, ಹೊರೆಗಳನ್ನು ಕ್ಷಣಕ್ಷಣವೂ ಅಳೆದು ತಾವೇ ವೇಗ ಏರಿಸಿಕೊಳ್ಳುವುದನ್ನು ಕಲಿತವು. ಪೆನ್ಸಿಲ್ ಹಿಡಿದ ಹವ್ಯಾಸಿ ಒಂದು ವಾರ ಕುಳಿತು ಹುಡುಕುತ್ತಿದ್ದ ಮೇಲ್ಗಡಿಯನ್ನು ಬೂಸ್ಟ್ ಎಂಬ ಸ್ವಯಂಚಾಲಿತ ವ್ಯವಸ್ಥೆ ಸೆಕೆಂಡಿಗೆ ಎಷ್ಟೋ ಸಲ ಮುಟ್ಟಿ ಬರತೊಡಗಿತು.

ಇದಕ್ಕೆ ಒಂದು ಅಂಗಡಿಯ ಕಥೆ ಸಾಕ್ಷಿ. ಅಮೆರಿಕದಲ್ಲಿ ಸಿಲಿಕಾನ್ ಲಾಟರಿ ಎಂಬ ವ್ಯಾಪಾರವೊಂದಿತ್ತು. ಪ್ರೊಸೆಸರ್‌ಗಳನ್ನು ಕೊಂಡು, ಒಂದೊಂದನ್ನೂ ಪರೀಕ್ಷಿಸಿ, ಇದು ಇಷ್ಟು ಗಿಗಾಹರ್ಟ್ಸ್ ಏರುತ್ತದೆ ಎಂಬ ಖಾತರಿಯೊಂದಿಗೆ ಮಾರುವುದು ಅದರ ಕೆಲಸ. ಕಾರ್ಖಾನೆ ವಿಂಗಡಿಸಿದ ಮೇಲೂ ಇನ್ನೊಮ್ಮೆ ವಿಂಗಡಿಸುವಷ್ಟು ಅಂತರ ಉಳಿದಿದ್ದಾಗ ಮಾತ್ರ ಇಂಥ ವ್ಯಾಪಾರ ನಡೆಯುತ್ತದೆ. ಅಂತರ ಕರಗುತ್ತ ಬಂದ ಕಾರಣಕ್ಕೆ 2021ರಲ್ಲಿ ಅದು ಬಾಗಿಲು ಮುಚ್ಚಿತು.

ಆ ಅಂತರ ಬರೀ ಬಿಟ್ಟಿ ಲಾಭವಾಗಿರಲಿಲ್ಲ ಎಂಬುದು ತಿಳಿಯಲು ಇನ್ನು ಮೂರು ವರ್ಷ ಬೇಕಾಯಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಮೇಲ್ತುದಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ವೇಗ 6 ಗಿಗಾಹರ್ಟ್ಸ್ ಮುಟ್ಟಿತ್ತು. ಯಾವ ಓವರ್‌ಕ್ಲಾಕಿಂಗೂ ಮಾಡದ ಕೊಳ್ಳುಗರ ಕಂಪ್ಯೂಟರ್‌ಗಳು ಕಾಲಕ್ರಮೇಣ ಅಸ್ಥಿರವಾಗತೊಡಗಿದವು. ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆಯುತ್ತಿದ್ದದ್ದು ಕಾರಣವೆಂದು 2024ರಲ್ಲಿ ಕಂಪನಿ ತಿಳಿಸಿತು; ತಿದ್ದುಪಡಿ ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಸವೆದ ಚಿಪ್‌ಗಳನ್ನು ಆ ತಿದ್ದುಪಡಿ ಸರಿಮಾಡಲಾರದು. ನಾರ್ತ್‌ವುಡ್ ಕಾಲದಲ್ಲಿ ಹೆಚ್ಚು ವೋಲ್ಟೇಜ್ ಕೊಟ್ಟು ಚಿಪ್ ಕಳೆದುಕೊಂಡವರು ತಾವೇ ಆ ನಿರ್ಧಾರ ಮಾಡಿದ್ದರು. ಈ ಸಲ ನಿರ್ಧಾರ ಪೆಟ್ಟಿಗೆಯೊಳಗೇ ಬಂದಿತ್ತು.

ಇಂದು ಪ್ರೊಸೆಸರ್ ಕೊಳ್ಳಲು ಹೊರಟ, ಸ್ವಲ್ಪ ಕೈಯಾಡಿಸುವ ಉತ್ಸಾಹವಿರುವ ಒಬ್ಬರಿಗೆ ಈ ಇತಿಹಾಸದಿಂದ ಸಿಗುವ ಸಲಹೆ ಹಳೆಯದಕ್ಕೆ ತಿರುಗುಮುರುಗು. ವೇಗದ ಕಡೆ ಉಳಿದಿರುವುದು ಶೇಕಡ ಕೆಲವೇ. ಅದಕ್ಕಾಗಿ 'ಕೆ' ಅಕ್ಷರಕ್ಕೆ, ದುಬಾರಿ ಬೋರ್ಡಿಗೆ, ದೊಡ್ಡ ಕೂಲರಿಗೆ ಹಣ ಸುರಿಯುವುದಕ್ಕಿಂತ ಒಂದು ಮೆಟ್ಟಿಲು ಮೇಲಿನ ಪ್ರೊಸೆಸರನ್ನೇ ಕೊಳ್ಳುವುದು ಲಾಭ. ಅಂತರ ಇನ್ನೂ ಇರುವುದು ವೋಲ್ಟೇಜಿನಲ್ಲಿ. ಪ್ರತಿ ಚಿಪ್‌ಗೂ ಸಾಲುವಂತೆ ತಯಾರಕರು ಸ್ವಲ್ಪ ಹೆಚ್ಚೇ ಕೊಟ್ಟಿರುತ್ತಾರೆ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಪ್ರತಿ ಮೆಟ್ಟಿಲಲ್ಲೂ ಹಳೆಯ ಒರೆಗಲ್ಲಿಗೆ ಉಜ್ಜಿ ನೋಡಿದರೆ ಅದೇ ವೇಗ ಕಡಿಮೆ ಬಿಸಿಯಲ್ಲಿ, ಕಡಿಮೆ ಕರೆಂಟಿನಲ್ಲಿ ಸಿಗುತ್ತದೆ. 42 ಡಿಗ್ರಿಯ ಕೋಣೆಯಲ್ಲಿ ಅದು ಸಣ್ಣ ಗಳಿಕೆಯಲ್ಲ.

ಸೆಲೆರಾನ್ 300ಎ ಇಂದಿನ ಅತ್ಯಂತ ಅಗ್ಗದ ಫೋನಿನ ಮುಂದೆಯೂ ನಿಲ್ಲಲಾರದು. ಆದರೂ ಅದನ್ನು ಕೊಂಡವರಿಗೆ ಅದರ ಲೆಕ್ಕ ಇನ್ನೂ ಬಾಯಿಪಾಠವಾಗಿರುತ್ತದೆ: ನಾಲ್ಕೂವರೆ ನೂರಲೆ ನಾನೂರೈವತ್ತು. ಅಂಗಡಿಯವನು ಹೇಳಿದ ಸಂಖ್ಯೆಯನ್ನು ತಾವೇ ಗುಣಿಸಿ ನೋಡಬಹುದು, ಉತ್ತರ ಬೇರೆ ಬರಬಹುದು ಎಂದು ಒಂದು ಪೀಳಿಗೆಗೆ ಕಲಿಸಿದ ಮಗ್ಗಿ ಅದು.